ಒಂಬತ್ತು ದಿನದ ಬೂದಿ

ಪರುಷಮಣಿಯ ಸಹವಾಸ ನನಗೆ ಸಾಕಾಗಿಹೋಗಿದೆ. ತಪ್ಪು ತಿಳಿಯಬೇಡಿ, ನನ್ನ ಬಳಿ ಪರುಷಮಣಿಯೇನೂ ಇಲ್ಲ. ಇದ್ದಿದ್ದರೆ ಈ ಐವತ್ತೇಳನೆಯ ವಯಸ್ಸಿನಲ್ಲಿ ದಿನಾ ಬೆಳಿಗ್ಗೆ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಿಂತು, ಸಿರುಗುಪ್ಪದ ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುವ ಗತಿ ನನಗೇಕೆ ಬರುತ್ತಿತ್ತು? ನಾನು ಹೇಳುತ್ತಿರುವುದು ಪ್ರವಚನದ ಪರುಷಮಣಿಯ ಮಾತು. ನಮ್ಮ ಓಣಿಯ ತುದಿಯಲ್ಲಿ ಒಂದು ಮಠವಿದೆ. ಶ್ರಾವಣ ಬಂತೆಂದರೆ ಅಲ್ಲಿ ಒಂದು ತಿಂಗಳು ಪ್ರವಚನ. ಯಾರೇ ಬರಲಿ, ಯಾವ ವಿಷಯವನ್ನೇ ಎತ್ತಿಕೊಳ್ಳಲಿ, ಎರಡನೆಯ ದಿನದ ಹೊತ್ತಿಗೆ ಪರುಷ ಮುಟ್ಟಿ ಕಬ್ಬಿಣ ಹೊನ್ನಾಗಿಬಿಡುತ್ತದೆ. ಗುರು ಪರುಷ, ನೀವು ಕಬ್ಬಿಣ, ಮುಟ್ಟಿದರೆ ಸಾಕು, ಕೆಲಸ ಮುಗಿಯಿತು. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ. ನಾನಿನ್ನೂ ಕಬ್ಬಿಣವೇ, ಅದೂ ಸ್ವಲ್ಪ ತುಕ್ಕು ಹಿಡಿದದ್ದು.

ನನ್ನ ಕಸುಬೂ ಈ ಹೋಲಿಕೆಗೆ ಅಡ್ಡ ಬರುತ್ತದೆ ಅನ್ನಿ. ಸಿರುಗುಪ್ಪದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುವವನು. ಮೊದಲ ಪಾಠದಲ್ಲೇ ರಸವಾದಿಗಳ ಕಥೆ ಬರುತ್ತದೆ. ಸೀಸವನ್ನು, ತಾಮ್ರವನ್ನು ಬಂಗಾರ ಮಾಡಲು ಹೋಗಿ ಒಲೆ ಊದಿ ಊದಿ ಕಣ್ಣು ಕಳೆದುಕೊಂಡ ಜನ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬಳು, "ಸರ, ಅಂದ್ರ ತಾಮ್ರ ಎಂದೂ ಬಂಗಾರ ಆಗಂಗಿಲ್ಲೇನ್ರಿ?" ಎಂದು ಕೇಳುತ್ತಾಳೆ. "ಆಗಂಗಿಲ್ಲ, ಕುಂದ್ರು" ಎನ್ನುತ್ತೇನೆ. ಅವಳ ಮುಖ ಸಣ್ಣದಾಗುತ್ತದೆ. ನಮ್ಮ ಊರಿನ ಹಳೆಯ ಆಯುರ್ವೇದದ ಪಂಡಿತರೊಬ್ಬರು ಪಾದರಸಕ್ಕೆ ಹದಿನೆಂಟು ಸಂಸ್ಕಾರ ಎಂದು ಹೇಳುತ್ತಿದ್ದರು. ತೊಳೆಯುವುದು, ಅರೆಯುವುದು, ಕಾಯಿಸುವುದು, ಮತ್ತೆ ತೊಳೆಯುವುದು. ಕೇಳುವಾಗಲೇ ನನಗೆ ಆಕಳಿಕೆ ಬರುತ್ತಿತ್ತು.

ನನ್ನಲ್ಲಿ ಏನು ಹೊನ್ನಾಗಬೇಕಿತ್ತು ಎಂದು ನೀವು ಕೇಳಬಹುದು. ಮುಚ್ಚುಮರೆ ಯಾಕೆ? ನನಗೆ ಸಿಟ್ಟು ಹೆಚ್ಚು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಆ್ಯಸಿಡ್ ಸರ್' ಎನ್ನುತ್ತಾರೆ, ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ಕೈ ಎತ್ತುವ ಸಿಟ್ಟಲ್ಲ, ಬಾಯಿಯದು. ಕೂಗುವುದು. ಬಸ್ಸು ತಡವಾದರೆ ಕೂಗು, ನಲ್ಲಿಯಲ್ಲಿ ನೀರು ಬಾರದಿದ್ದರೆ ಕೂಗು, ಕರೆದಾಗ 'ಹಾಂ' ಎನ್ನದಿದ್ದರೆ ದೊಡ್ಡ ಕೂಗು. ಇದನ್ನು ಕಳೆದುಕೊಳ್ಳಲು ನಾನು ಮಾಡದ ಸರ್ಕಸ್ಸಿಲ್ಲ. ನಸುಕಿನಲ್ಲೆದ್ದು ಎರಡು ತಾಸು ಲಿಂಗಪೂಜೆ ಮಾಡಿದೆ. ಒಂದು ವರ್ಷ ಉಳ್ಳಾಗಡ್ಡಿ ಬಿಟ್ಟೆ, ಇನ್ನೊಂದು ವರ್ಷ ಚಹಾ ಬಿಟ್ಟೆ. ಚಹಾ ಬಿಟ್ಟ ವರ್ಷ ಸಿಟ್ಟು ಇಮ್ಮಡಿಯಾಯಿತು. ಪಾದರಸದ ಲಿಂಗ ಎಂದು ಯಾರೋ ಫೋನಿನಲ್ಲಿ ಚಿತ್ರ ಕಳಿಸಿದರು, ರಸಾಯನಶಾಸ್ತ್ರದ ಮೇಷ್ಟ್ರಾಗಿಯೂ ತರಿಸಿದೆ. ನೋಡಿದರೆ ಬರೀ ಬೆಸುಗೆಯ ತವರ. ಹತ್ತು ದಿನದ ಮೌನ ಶಿಬಿರಕ್ಕೂ ಹೋಗಿ ಬಂದೆ. ಹತ್ತು ದಿನ ತುಟಿ ಬಿಚ್ಚದೆ ಇದ್ದವನು ಬಳ್ಳಾರಿಯಲ್ಲಿ ರೈಲಿಳಿದು ಹತ್ತು ನಿಮಿಷವಾಗಿರಲಿಲ್ಲ, ಆಟೋದವನ ಜೊತೆ ಜಗಳಕ್ಕೆ ನಿಂತಿದ್ದೆ. "ಸರ, ಎಲ್ಲಿಗೆ ಹೋಗಿದ್ರಿ, ದನಿ ಬಾಳ ಜೋರ್ ಆಗೇತಿ" ಎಂದ ಅವನು. ಪರಿಚಯದವನೇ.

ಇವತ್ತು ಇದೆಲ್ಲ ನೆನಪಾಗಲು ಕಾರಣ ಒಂದು ಹಳೆಯ ಧೋತರದ ತುಂಡು. ಬೀರುವಿನಲ್ಲಿ ಬೇರೇನೋ ಹುಡುಕುವಾಗ ಕೈಗೆ ಸಿಕ್ಕಿತು. ಅಪ್ಪನ ಧೋತರದ ತುಂಡು ಅದು, ಬೂದಿ ಸೋಸುವ ಬಟ್ಟೆ. ಎಷ್ಟು ಒಗೆದರೂ ಅದರ ಎಳೆಗಳ ನಡುವೆ ಬೂದಿ ಉಳಿದಿರುತ್ತದೆ, ಝಾಡಿಸಿದರೆ ಸೀನು ಬರುತ್ತದೆ. ಸೀನಿದೆ. ಆಮೇಲೆ ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಈಚೆಗೆ ನಾನು ಎಲ್ಲಿ ಬೇಕಲ್ಲಿ ಕೂತುಬಿಡುತ್ತೇನೆ, ಏಳಲು ಮನಸ್ಸಾಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ನಮ್ಮ ಮನೆಯಲ್ಲಿ ವಿಭೂತಿ ಮಾಡುತ್ತಿದ್ದರು. ಮಾರಲಿಕ್ಕಲ್ಲ. ಹಣೆಗೆ ಹಚ್ಚಿಕೊಳ್ಳಲು ಮನೆಗೆ ಒಂದಿಷ್ಟು, ಉಳಿದದ್ದು ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಅವರ ಕುಣಿಗೆ. ನಮ್ಮವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಕುಣಿಯಲ್ಲಿ ಸುತ್ತಲೂ ಪತ್ರಿ ಮತ್ತು ವಿಭೂತಿ ಇಡಬೇಕು. ಬಾಗಿಲಲ್ಲಿ ಯಾರಾದರೂ ತಲೆ ತಗ್ಗಿಸಿಕೊಂಡು ಬಂದು ನಿಂತರೆ ಅವ್ವ ಏನೂ ಕೇಳುತ್ತಿರಲಿಲ್ಲ. ಒಳಗೆ ಹೋಗಿ ಹತ್ತಾರು ವಿಭೂತಿ ಗಟ್ಟಿ ಎಣಿಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟು, ಬಂದವರಿಗೆ ಒಂದು ತಂಬಿಗೆ ನೀರು ಕೊಡುತ್ತಿದ್ದಳು.

ಜವಾರಿ ಆಕಳ ಸಗಣಿಯನ್ನು ನೆಲಕ್ಕೆ ಬೀಳದಂತೆ ಹಿಡಿದು, ಕುಳ್ಳು ತಟ್ಟಿ, ಒಣಗಿಸಿ, ಶಿವರಾತ್ರಿಯ ದಿನ ಭತ್ತದ ಹೊಟ್ಟಿನ ನಡುವೆ ಇಟ್ಟು ಸುಡುತ್ತಿದ್ದರು. ಹೊಟ್ಟು ಭಗ್ಗನೆ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಬೆಂಕಿ ಆರಿದ ಮೇಲೆ ಬೂದಿಯನ್ನು ಗಡಿಗೆಯ ನೀರಿನಲ್ಲಿ ಕದಡಿ, ಧೋತರದಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿಯಬೇಕು. ಮತ್ತೆ ಹೊಸ ನೀರು, ಮತ್ತೆ ಕದಡುವುದು. ಹೀಗೆ ಒಂಬತ್ತು ದಿನ. ಕ್ಷಾರವೆಲ್ಲ ನೀರಿನೊಂದಿಗೆ ಹೋಗಿ, ಕೊನೆಗೆ ಬೆಣ್ಣೆಯ ಹಾಗಿನ ಬಿಳಿಯ ಕೆಸರು ಉಳಿಯುತ್ತದೆ. ಅದನ್ನು ಕಟ್ಟಿಗೆಯ ಅಚ್ಚಿಗೆ ಹಾಕಿ ನೆರಳಲ್ಲಿ ಒಣಗಿಸಿದರೆ ಗಟ್ಟಿ.

ಇದಕ್ಕೆ ಒಂದು ನಿಯಮವಿತ್ತು. ಆ ಒಂಬತ್ತು ದಿನ ಮನೆಯಲ್ಲಿ ಯಾರೂ ಯಾರಿಗೂ ಬಿರುಸು ಮಾತಾಡಬಾರದು. ಆಡಿದರೆ ಬೂದಿ ಕೆಟ್ಟಿತು. ಅದು ಶಿವನಿಗೂ ಬೇಡ, ಸತ್ತವರಿಗೂ ಬೇಡ, ಹೊಲಕ್ಕೆ ಚೆಲ್ಲಬೇಕು. ಈ ನಿಯಮಕ್ಕೆ ಅಪ್ಪ ಎಂದೂ ತಪ್ಪಿದವನಲ್ಲ. ಅಪ್ಪ ಎಂದರೆ ಯಾರು? ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಅಂಗಳಕ್ಕೆ ಎಸೆಯುತ್ತಿದ್ದ ಮಹಾನುಭಾವ. ಅವನ ಚಪ್ಪಲಿಯ ಸಪ್ಪಳ ಕೇಳಿದರೆ ನಾವು ಮಕ್ಕಳು ಆಟ ನಿಲ್ಲಿಸಿ ಪುಸ್ತಕ ಹುಡುಕುತ್ತಿದ್ದೆವು. ಅಂಥವನು ಆ ಒಂಬತ್ತು ದಿನ ಉಪ್ಪಿಲ್ಲದ ಸಾರು ಉಂಡು, "ಉಪ್ಪು ಸ್ವಲ್ಪ ಕಡಿಮಿ ಐತಿ ಅನಸ್ತೈತಿ" ಎನ್ನುತ್ತಿದ್ದ.

ನಾವು ಬಿಡುತ್ತೇವೆಯೇ? ವರ್ಷದ ಅಪರಾಧಗಳನ್ನೆಲ್ಲ ಕೂಡಿಟ್ಟುಕೊಂಡು ಆ ಒಂಬತ್ತು ದಿನದಲ್ಲಿ ಒಪ್ಪಿಕೊಳ್ಳುತ್ತಿದ್ದೆವು. ಗಣಿತದಲ್ಲಿ ನಪಾಸಾದದ್ದು, ಹೊಸ ಅಂಗಿ ಹರಿದದ್ದು, ಹಗ್ಗ ಬಾವಿಗೆ ಬಿದ್ದದ್ದು. ನನ್ನ ಅಕ್ಕ ನೀಲಮ್ಮ ನನಗಿಂತ ಹದಿನೈದು ವರ್ಷ ದೊಡ್ಡವಳು, ಊರಲ್ಲೇ ಕೊಟ್ಟಿದ್ದರಿಂದ ಬೂದಿಯ ಕೆಲಸಕ್ಕೆ ಬರುತ್ತಿದ್ದಳು. ಅವಳೇ ನಮಗೆ ಸರದಿ ಹಚ್ಚುತ್ತಿದ್ದಳು: "ಮೊದ್ಲ ನಪಾಸಾಗಿದ್ದು ಹೇಳು, ಹಗ್ಗದ್ದು ನಾಳಿಗಿರ್ಲಿ." ಅಪ್ಪ ಕಣ್ಣು ಮುಚ್ಚಿ, ಗಂಟಲೊಳಗೆ ಏನನ್ನೋ ನುಂಗಿ, "ಆತು, ಹೋಗು" ಎನ್ನುತ್ತಿದ್ದ. ಅವ್ವನೂ ತವರಿಗೆ ಹೋಗಿಬರುವ ಮಾತನ್ನು ಆ ದಿನಗಳಲ್ಲೇ ತೆಗೆಯುತ್ತಿದ್ದಳು. ಬೂದಿಯಲ್ಲಿ ಏನೋ ಶಕ್ತಿ ಇದೆ, ಅದು ಅಪ್ಪನನ್ನು ಮುಟ್ಟಿ ಹೊನ್ನು ಮಾಡುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹತ್ತನೆಯ ದಿನ ಮತ್ತೆ ತಾಟು ಅಂಗಳಕ್ಕೆ ಬೀಳುತ್ತಿತ್ತು. ಅದಕ್ಕೆ ಪಾಪ, ಬೂದಿ ಏನು ಮಾಡೀತು?

ಅವ್ವನ ನಂತರ ಅಕ್ಕ ಈ ಕೆಲಸ ಹಿಡಿದಳು. ಅವಳಿಗೀಗ ಎಪ್ಪತ್ತೆರಡು. ಕುರುಗೋಡಿನಲ್ಲೇ ಮಗ ಸೊಸೆಯ ಜೊತೆ ಇದ್ದಾಳೆ. ಈ ವರ್ಷ ಶಿವರಾತ್ರಿಗೆ ಹದಿನೈದು ದಿನ ಮುಂಚೆ ಫೋನು ಮಾಡಿದಳು.

"ತಮ್ಮಾ, ನನ್ನ ಕೈ ನಡುಗತಾವು, ಗಡಿಗಿ ಎತ್ತಾಕ ಆಗವಲ್ದು. ಈ ವರ್ಷದ ಬೂದಿ ನೀನ ಮಾಡು."

"ನಾನಾ?"

"ಹೂಂ. ನನ್ನ ಕುಣಿಗೆ ಅದು. ನಿನ್ನ ಕೈಯಾಗಿಂದ ಆಗ್ಲಿ ಅಂತ ನನಗ ಆಸಿ ಐತಿ. ನಿಯಮ ಗೊತ್ತೈತಲ್ಲ? ಒಂಬತ್ತು ದಿನ."

ಅಕ್ಕ ತನ್ನ ಕುಣಿಯ ಮಾತಾಡಿದರೆ ಯಾರಿಗೆ ಇಲ್ಲ ಎನ್ನಲು ಬಾಯಿ ಬರುತ್ತದೆ? ಮೋಕ ಎಂಬ ಊರಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಜವಾರಿ ಆಕಳಿತ್ತು, ಕುಳ್ಳಿಗೆ ಅವರಿಗೆ ಹೇಳಿದೆ. ಹೊಟ್ಟಿಗಂತೂ ಸಿರುಗುಪ್ಪದಲ್ಲಿ ಬರವಿಲ್ಲ, ರೈಸ್‌ಮಿಲ್ಲಿನ ಮುಂದೆ ಗುಡ್ಡವೇ ಬಿದ್ದಿರುತ್ತದೆ. ಶಿವರಾತ್ರಿಯ ದಿನ ಅಕ್ಕನ ಹಿತ್ತಲಲ್ಲಿ ಸುಟ್ಟೆ. ಮೂರನೆಯ ದಿನ ಬೂದಿಯನ್ನು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ, ತೊಳೆಯುವುದನ್ನು ಮನೆಯಲ್ಲೇ ಮಾಡಬೇಕಿತ್ತಲ್ಲ. ಕಂಡಕ್ಟರ್ ಚೀಲ ಒದ್ದು ನೋಡಿ, "ಏನ್ರಿ ಸರ ಇದು, ಸಿಮೆಂಟಾ?" ಎಂದ.

"ಬೂದಿ."

ಅವನು ಕಾಲು ಹಿಂದೆ ತೆಗೆದು ಕೈ ಮುಗಿದ. "ಅಯ್ಯೋ ಶಿವನ! ಯಾರ್ ತೀರಿಕೊಂಡಾರ್ರಿ?"

"ಇನ್ನೂ ಇಲ್ಲಪಾ, ನಮ್ಮ ಅಕ್ಕಂದು" ಎಂದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, ಮುಂದೆ ಹೋದವನು ಬಳ್ಳಾರಿ ಬರುವವರೆಗೆ ಹಿಂದಿನ ಸೀಟುಗಳ ಕಡೆ ಬರಲಿಲ್ಲ.

ನಮ್ಮದು ಎರಡನೆಯ ಮಹಡಿಯ ಬಾಡಿಗೆ ಮನೆ. ಮಗಳು ಮದುವೆಯಾಗಿ ಹೊಸಪೇಟೆಯಲ್ಲಿದ್ದಾಳೆ, ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗಿರಿಜಾ. ಮಾಳಿಗೆಯ ಮೇಲೆ ಎರಡು ಗಡಿಗೆ ಇಟ್ಟೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಬಸಿಯುವುದು, ಕದಡುವುದು. ಮೈ ನೋವು, ನಡು ನೋವು. ಆದರೆ ನಿಯಮ ಮಾತ್ರ ಬಿಡಲಿಲ್ಲ. ಮೊದಲ ದಿನ ಬಸ್ಸಿನಲ್ಲಿ ನನ್ನ ಟವೆಲ್ಲು ಕೆಳಗೆ ಹಾಕಿ ಯಾರೋ ಕೂತಿದ್ದರು, ಸಿರುಗುಪ್ಪದವರೆಗೆ ನಿಂತೇ ಹೋದೆ. ಎರಡನೆಯ ದಿನ ಕಾಲೇಜಿನಲ್ಲಿ ಒಬ್ಬಳು ಬ್ಯೂರೆಟ್ ಒಡೆದಳು. "ಆತು, ಹೋಗು" ಎಂದೆ. ಸರ್‌ಗೆ ಮೈಯಲ್ಲಿ ಹುಷಾರಿಲ್ಲ ಎಂದು ಮಕ್ಕಳು ಮಾತಾಡಿಕೊಂಡರಂತೆ.

ಮೂರನೆಯ ದಿನ ಸಂಜೆ ಗಿರಿಜಾ ಚಹಾ ಕೊಡುತ್ತಾ, "ಏನ್ರಿ, ಒಂದ್ ಮಾತು ಹೇಳ್ಲೇನ್ರಿ? ನಿಮ್ಮ ಅಪ್ಪನ ಗಡಿಯಾರ ಕೆಡಿಸಿದ್ದು ರಿಪೇರಿಯವ ಅಲ್ರಿ, ನಾನು. ಒರಸೂವಾಗ ಕೈ ಜಾರಿ ಬಿತ್ತು" ಎಂದಳು. ಆ ರಿಪೇರಿಯವನ ಜೊತೆ ನಾನು ಆರು ತಿಂಗಳ ಹಿಂದೆ ರಸ್ತೆಯಲ್ಲಿ ನಿಂತು ಕೂಗಾಡಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ನಾಲ್ಕನೆಯ ದಿನ ಇನ್ನೊಂದು ಸಣ್ಣ ತಪ್ಪು ಹೇಳಿದಳು, ಅದನ್ನೂ ನುಂಗಿದೆ.

ಐದನೆಯ ದಿನ ನಾನು ಊಟಕ್ಕೆ ಕೂತಾಗ ಬಂದು ಎದುರಿಗೆ ಕೂತಳು. ಬಹಳ ಹೊತ್ತು ಸೆರಗಿನ ಅಂಚು ಮಡಚಿದಳು. "ನನ್ನ ಎಡಗಿವಿ ಕೇಳ್ಸಂಗಿಲ್ರಿ. ಎರಡ್ ವರ್ಷ ಆತು. ಈಗ ಬಲಗಿವೀನೂ ಸ್ವಲ್ಪ ಮಂದ ಆಗಾಕತ್ತೈತಿ" ಎಂದಳು. "ಅಯ್ಯ, ಮೊದ್ಲ ಹೇಳಬಾರದಾಗಿತ್ತಾ? ತೋರಿಸೂಣು ಬಿಡು" ಎಂದು ನಾನು ಮಜ್ಜಿಗೆ ಹಾಕಿಸಿಕೊಂಡೆ. ಆ ಎರಡು ವರ್ಷ, ಕರೆದಾಗ 'ಹಾಂ' ಎನ್ನದವಳಿಗೆ ನಾನು ದಿನಕ್ಕೆ ಎಷ್ಟು ಸಲ ಕೂಗಿದ್ದೆನೋ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ಅದು ನನಗೆ ಹೊಳೆಯಲೂ ಇಲ್ಲ. ಐದು ದಿನ ಸಿಟ್ಟು ಮಾಡಿಲ್ಲ, ಇನ್ನು ನಾಲ್ಕೇ ದಿನ ಎಂಬುದೊಂದೇ ತಲೆಯಲ್ಲಿತ್ತು. ಗೆಲ್ಲುತ್ತಿದ್ದೇನೆ ಎಂಬ ಹಿಗ್ಗು. ಊಟ ಮುಗಿಸಿ ಬೂದಿ ನೋಡಲು ಮಾಳಿಗೆಗೆ ಹೋದೆ.

ಏಳನೆಯ ದಿನ ಭಾನುವಾರ. ಬೆಳಿಗ್ಗೆ ಗಡಿಗೆಯನ್ನು ಆಗಷ್ಟೇ ಕದಡಿದ್ದೆ, ಬೂದಿಯೆಲ್ಲ ನೀರಿನಲ್ಲಿ ಎದ್ದಿತ್ತು. ಗಿರಿಜಾ ಬಟ್ಟೆ ಒಣಹಾಕುತ್ತಿದ್ದಳು. ನೀರಿನ ಮೋಟಾರು ಬಂದ್ ಮಾಡಲು ಮೆಟ್ಟಿಲಿಳಿಯುತ್ತಾ, ಅವಳ ಬೆನ್ನ ಹಿಂದಿನಿಂದಲೇ, "ಬಸೀಬ್ಯಾಡ, ಈಗ ಕದಡೀನಿ" ಎಂದೆ. ನಾನು ತಿರುಗಿ ಬರುವಷ್ಟರಲ್ಲಿ ಅವಳು ನನಗೆ ಸಹಾಯವಾಗಲಿ ಎಂದು ಗಡಿಗೆ ಬಾಗಿಸಿ ಬಸಿಯುತ್ತಿದ್ದಳು. ಆರು ದಿನ ತೊಳೆದ ಬೂದಿ ಮಾಳಿಗೆಯ ನೀರಿನ ಪೈಪಿನಲ್ಲಿ ಹಾಲಿನ ಹಾಗೆ ಇಳಿದು ಹೋಗುತ್ತಿತ್ತು.

"ಏಯ್! ಕಿವ್ಯಾಗ ಸೀಸಾ ಹೊಯ್ಕೊಂಡೀ ಏನು? ಬಸೀಬ್ಯಾಡ ಅಂತ ಒದರಿ ಹೇಳಿದ್ರೂ ಕೇಳ್ಸಂಗಿಲ್ಲ?"

ಸುತ್ತಲಿನ ನಾಲ್ಕು ಮಾಳಿಗೆಗಳಿಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ. ಅದು ಅವಳಿಗೂ ಕೇಳಿಸಿತು. ಗಡಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ನನ್ನ ಮುಖ ನೋಡಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದಳು. ಮಧ್ಯಾಹ್ನ ಎಂದಿನಂತೆ ರೊಟ್ಟಿ ಮಾಡಿ ಬಡಿಸಿದಳು. ಎಂಟನೆಯ ದಿನ, ಒಂಬತ್ತನೆಯ ದಿನ ಅವಳು ಯಾವ ತಪ್ಪನ್ನೂ ಹೇಳಲಿಲ್ಲ.

ನಾನೇನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ನಿಯಮದ ಪ್ರಕಾರ ಉಳಿದ ಬೂದಿಯನ್ನೂ ಚೆಲ್ಲಿ ಅಕ್ಕನಿಗೆ ತಪ್ಪೊಪ್ಪಿಕೊಳ್ಳಬೇಕಿತ್ತು. ನನಗೆ ಅದಕ್ಕೆ ಮನಸ್ಸಾಗಲಿಲ್ಲ, ಆಯಾಸವಾಗಿತ್ತು. ಉಳಿದಿದ್ದದ್ದು ಅರ್ಧ ಗಡಿಗೆ, ಅದೂ ಹೊಟ್ಟಿನ ಬೂದಿ ಬೆರೆತು ಬೂದುಬಣ್ಣ. ಕಾಲೇಜಿನಿಂದ ಎರಡು ಡಬ್ಬಿ ಚಾಕ್‌ಪೀಸ್ ತಂದು, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಬೆರೆಸಿದೆ. ಅಚ್ಚಿಗೆ ಹಾಕಿ ಒಣಗಿಸಿದರೆ ಏನು ಬಿಳುಪು! ಅವ್ವನ ಕಾಲದಲ್ಲೂ ಅಂಥ ಬಿಳುಪು ನೋಡಿರಲಿಲ್ಲ. ಬಂಗಾರವೆಂದು ನಂಬಿಸಲು ತಾಮ್ರಕ್ಕೆ ಬಣ್ಣ ಬಳಿಯುತ್ತಿದ್ದ ಕಳ್ಳ ರಸವಾದಿಗಳ ಬಗ್ಗೆ ಪಾಠ ಮಾಡುವಾಗ ನಾನೇ ಮಕ್ಕಳನ್ನು ನಗಿಸಿದ್ದೇನೆ.

ಮುಂದಿನ ಭಾನುವಾರ ಗಟ್ಟಿಗಳನ್ನು ಕಟ್ಟಿಕೊಂಡು ಕುರುಗೋಡಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು, ಕುಡುಗೋಲಿನ ಅಲಗಿನ ಮೇಲೆ ಹುಣಸೆಹಣ್ಣು ಸೀಳಿ ಬೀಜ ತೆಗೆಯುತ್ತಿದ್ದಳು. ಸರಸರ ಕೆಲಸ. ನಡುಗುವ ಕೈ ಅದಾಗಿರಲಿಲ್ಲ, ಆದರೆ ಆಗ ನನಗದು ಹೊಳೆಯಲಿಲ್ಲ. ಒಂದು ಗಟ್ಟಿ ತೆಗೆದುಕೊಂಡು, ಅಂಗೈ ಒದ್ದೆ ಮಾಡಿ ಉಜ್ಜಿದಳು. ಮೂಗಿಗೆ ಹಿಡಿದಳು.

"ಇದೇನೋ, ಸಾಲಿ ವಾಸನಿ ಹೊಡೀತೈತಿ?"

"ಅಂದ್ರ?"

"ಅಂದ್ರ ಬಳಪದ ವಾಸನಿ. ಎಷ್ಟು ಹಾಕಿದಿ?"

"ಎರಡ್ ಡಬ್ಬಿ."

"ಲೇ, ನನ್ನ ಕುಣ್ಯಾಗ ಕುಂತು ಪಾಠ ಹೇಳವ ಇದ್ದೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಬೂದಿ ಯಾಕ ಕಡಿಮಿ ಬಿತ್ತು?" ಎಂದಳು.

"ಗಿರಿಜಾ ಚೆಲ್ಲಿದ್ಲು."

"ಆಕಿ ಚೆಲ್ಲಿದ್ಲು. ನೀ ಏನ್ ಮಾಡಿದಿ?"

ನಾನು ಉಳಿದ ಗಟ್ಟಿಗಳನ್ನು ಮತ್ತೆ ಬಟ್ಟೆಯಲ್ಲಿ ಕಟ್ಟತೊಡಗಿದೆ.

"ಬೈದಿ" ಎಂದಳು ಅಕ್ಕ. "ಎಷ್ಟನೇ ದಿನ?"

"ಏಳನೇದು. ನಿಯಮ ಮುರೀತಕ್ಕಾ. ಇದನ್ನ ಹೊಲಕ್ಕ ಚೆಲ್ಲಿಬಿಡ್ತೀನಿ. ಅಪ್ಪನಂಥಾ ಅಪ್ಪ ಒಂದ್ ವರ್ಷಾನೂ ತಪ್ಪಲಿಲ್ಲ, ನನ್ನ ಕೈಲೆ ಆಗಲಿಲ್ಲ."

"ಯಾವ ನಿಯಮಾನೋ?" ಎಂದಳು ಅಕ್ಕ. "ಅದನ್ನ ಹುಟ್ಟಿಸಿದಾಕಿ ಅವ್ವ. ಈ ಊರಾಗ ಇನ್ನ ನಾಕ್ ಮನ್ಯಾಗ ಬೂದಿ ಮಾಡ್ತಾರ, ಕೇಳಿ ನೋಡು. ಮಡಿ ಐತಿ, ನೇಮ ಐತಿ, ಬಾಯಿ ಮುಚ್ಚೂ ನಿಯಮ ಎಲ್ಲ್ಯೂ ಇಲ್ಲ. ಅಪ್ಪಗ ದೇವರ ಅಂಜಿಕಿ ಒಂದ ಇತ್ತು, ಬ್ಯಾರೆ ಯಾರ ಅಂಜಿಕೀನೂ ಇರಲಿಲ್ಲ. ಅದಕ್ಕ ಅವ್ವ ದೇವರ ಹೆಸರ್ಲೆ ವರ್ಷಕ್ಕ ಒಂಬತ್ತು ದಿನ ಕಸಗೊಂಡ್ಲು. 'ವರ್ಷಾಪೂರ್ತಿ ಕೇಳಿದ್ರ ನಂಬಾಂಗಿಲ್ಲ ನೀಲವ್ವ, ಒಂಬತ್ತ ಸಾಕು' ಅಂತಿದ್ಲು ನನಗ."

ನಾನು ಕಟ್ಟೆಯ ಮೇಲೆ ಕೂತುಕೊಂಡೆ. ನನ್ನ ಬಾಲ್ಯದಲ್ಲಿ ಹೆದರಿಕೆಯಿಲ್ಲದೆ ಉಂಡ ದಿನಗಳೆಂದರೆ ಅವೇ. ಅದನ್ನು ನಾನು ಶಿವನ ಖಾತೆಗೆ, ಬೂದಿಯ ಖಾತೆಗೆ ಹಾಕಿದ್ದೆ. ಅಕ್ಷರ ಬಾರದ ಅವ್ವ ಒಂದು ಗಡಿಗೆ ನೀರು ಮತ್ತು ಒಂದು ಸುಳ್ಳು ಇಟ್ಟುಕೊಂಡು ಆ ಕೆಲಸ ಮಾಡಿದ್ದಳು. ನಾನು ಶಿಬಿರಕ್ಕೆ, ಮಠಕ್ಕೆ, ಪಾದರಸಕ್ಕೆ ಅಲೆದು ಸುಸ್ತಾಗಿದ್ದೆ. ಅವ್ವನ ಮೇಲೆ ಹೆಮ್ಮೆಯೂ ಆಯಿತು, ಯಾಕೋ ಬಹಳ ದುಃಖವೂ ಆಯಿತು. ಒಂಬತ್ತೇ ದಿನ ಕೇಳಿದಳಲ್ಲ ಎಂದು.

"ಹಂಗಾದ್ರ ನನಗ್ಯಾಕ ಈ ಕೆಲಸ ಹಚ್ಚಿದಿ? ನಿನ್ನ ಕುಣಿಗೆ ಅಂದಿ?"

"ನನ್ನ ಕುಣಿಗೆ ಬೇಕಾದ್ದು ನಾಕ್ ವರ್ಷದ ಹಿಂದ ಮಾಡಿ ಅಟ್ಟದ ಮ್ಯಾಲೆ ಇಟ್ಟೀನಿ. ನಿನ್ನ ನಂಬಿಕೊಂಡು ಸಾಯ್ತಾರೇನೋ ಯಾರಾರಾ?" ಎಂದಳು. ಹುಣಸೆ ಬೀಜವನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ನನ್ನ ಕಡೆ ನೋಡದೆ ಮುಂದುವರಿಸಿದಳು. "ಗಿರಿಜಾ ಫೋನ್ ಮಾಡಿದ್ಲು. ಅವ್ವನ ಹಿಕಮತ್ತು ಆಕಿಗೆ ನಾನ ಹಿಂದೊಮ್ಮೆ ಹೇಳಿದ್ದೆ. ಬಾಜೂ ಮನಿಯಾಕಿನ್ನ ಕರಕೊಂಡು ಡಾಕ್ಟರ್ ಕಡೆ ಹೋಗಿದ್ಲಂತ. ಬಲಗಿವಿಗರೆ ಜಲ್ದಿ ಔಷಧ ಆಗಬೇಕು ಅಂದಾರಂತ. 'ಮನಿಯವ್ರಿಗೆ ಹೇಳಾಕ ಆಗವಲ್ದು ಅಕ್ಕಾ. ಮೊದಲ ಬೈತಾರ, ಆಮ್ಯಾಲೆ ಕೇಳ್ತಾರ. ಬೈಯೂದು ಮುಗಿಯೂಮಟ ನಿಂದ್ರಾಕ ಈಗ ನನ್ನ ಕೈಲೆ ಆಗಂಗಿಲ್ಲ, ದಣದೀನಿ. ನನಗೂ ಒಂಬತ್ತು ದಿನ ಕೊಡಸ್ರಿ' ಅಂದ್ಲು."

ಅಕ್ಕ ಮತ್ತೆ ಕುಡುಗೋಲಿಗೆ ಕೈ ಹಾಕಿದಳು. "ಪರುಷ ಗಿರುಷ ನನಗ ಗೊತ್ತಿಲ್ಲಪಾ. ನಲವತ್ತು ವರ್ಷ ಬೂದಿ ತೊಳದೀನಿ. ಒಮ್ಮೆ ತೊಳದ್ರ ಬಿಳಿ ಆಗೂದಿಲ್ಲ ಅದು. ಮತ್ತ ತೊಳೀಬೇಕು. ಬ್ಯಾಸರ ಬಂದ್ರೂ ತೊಳೀಬೇಕು. ಬಳಪ ಹಾಕಬಾರದು, ಅಷ್ಟ."

ನಾನು ತಂದ ಗಟ್ಟಿಗಳನ್ನು ರಂಗೋಲಿಗೆ ಆಗುತ್ತವೆ ಎಂದು ಒಳಗಿಟ್ಟುಕೊಂಡಳು. ಊಟಕ್ಕೆ ಏಳು ಎಂದಳು. ಏನು ಉಂಡೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಹೊಲಗಳು ಹೋಗುತ್ತಿದ್ದವು, ನನಗೆ ಕಾಣುತ್ತಿದ್ದದ್ದು ಸೆರಗಿನ ಅಂಚು ಮಡಚುತ್ತಿದ್ದ ಕೈ. ಗಡಿಯಾರ, ಸಣ್ಣ ತಪ್ಪು, ಆಮೇಲೆ ಕಿವಿ. ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದಂತೆಯೇ ಅವಳೂ ಸರದಿ ಹಚ್ಚಿಕೊಂಡು, ಹಗುರದ್ದರಿಂದ ಶುರು ಮಾಡಿ, ನನ್ನ ಸಿಟ್ಟು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಮಾಡಿ ಅಲ್ಲಿಗೆ ಬಂದಿದ್ದಳು. ಅವಳು ಇಷ್ಟು ಕಷ್ಟಪಟ್ಟು ಹೇಳಿದ್ದನ್ನು ನಾನು ಮಜ್ಜಿಗೆಯ ಜೊತೆ ಉಂಡು ಎದ್ದಿದ್ದೆ. ಎರಡು ದಿನದ ಮೇಲೆ ಅದೇ ಕಿವಿಯ ಮೇಲೆ ಬೈದಿದ್ದೆ. ಇಂಥ ಗಂಡಸಿಗೆ ಯಾವ ಮಠದ ಯಾವ ಪರುಷ ಏನು ಮಾಡೀತು ಹೇಳಿ.

ಮನೆ ಮುಟ್ಟಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ಗಿರಿಜಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ಅವಳ ಎಡಮಗ್ಗುಲು ನನ್ನ ಕಡೆ ಇತ್ತು. ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆಯಲಿಲ್ಲ. ಸುತ್ತು ಹಾಕಿ ಅವಳ ಬಲಕ್ಕೆ ಹೋಗಿ ನಿಂತೆ. ನನ್ನನ್ನು ನೋಡಿ, ಕೈಯಲ್ಲಿದ್ದ ಬಟ್ಟೆಗಳನ್ನು ಎದೆಗೆ ಒತ್ತಿ ಹಿಡಿದಳು. ಏನಾಯಿತೋ, ಏನನ್ನು ಚೆಲ್ಲಿದೆನೋ ಎಂಬ ಹಾಗೆ. ನನ್ನ ಹೆಂಡತಿ ನನ್ನನ್ನು ಎಷ್ಟು ವರ್ಷದಿಂದ ಹೀಗೆ ನೋಡುತ್ತಿದ್ದಳೋ ನಾನು ಕಾಣೆ.

"ನಾಳಿ ಕಾಲೇಜಿಗೆ ಹೋಗಂಗಿಲ್ಲ. ಡಾಕ್ಟರ್ ಕಡೆ ಹೋಗೂಣು" ಎಂದೆ. ಅದು ಕೇಳಿಸಿತು, ತಲೆಯಾಡಿಸಿದಳು. ಆಮೇಲೆ ಮುಖ್ಯವಾದದ್ದನ್ನು ಹೇಳಿದೆ. ಅದು ಗಂಟಲಿನಿಂದ ಬಹಳ ಸಣ್ಣಗೆ ಹೊರಟಿತು.

"ಏನಂದ್ರಿ? ಕೇಳ್ಸಲಿಲ್ಲ. ಸ್ವಲ್ಪ ಜೋರಾಗಿ ಹೇಳ್ರಿ."

ಮೂವತ್ತು ವರ್ಷ ಇದೇ ಮನೆಯೊಳಗೆ ಉಪ್ಪಿಗೆ, ನೀರಿಗೆ, ಬಸ್ಸಿಗೆ, ಬೂದಿಗೆ ಕೂಗಿದ ದನಿ ಇದಕ್ಕೆ ಏಳಲೊಲ್ಲದು. ಇನ್ನೊಮ್ಮೆ ಹೇಳಿದೆ. ಅವಳು ಬಲಗಿವಿಯನ್ನು ನನ್ನ ಕಡೆ ಮಾಡಿ, ಹುಬ್ಬು ಗಂಟಿಕ್ಕಿ, "ಏನ್ರಿ?" ಎಂದಳು.

"ತಪ್ಪಾತು!" ಎಂದು ಕೂಗಿದೆ. "ನಂದು ತಪ್ಪಾತು ಗಿರಿಜಾ!"

ಕೆಳಗಿನ ಮನೆಯ ಕಿಟಕಿ ಧಡಾರನೆ ತೆರೆಯಿತು. "ಏಮಾಯೆ ಸಾರ್, ಮತ್ತ ಶುರುವಾತಾ?" ಎಂದು ಅಲ್ಲಿನ ತೆಲುಗಿನ ಮುದುಕಿ ಗೊಣಗಿದ್ದು ಮಾಳಿಗೆಗೂ ಕೇಳಿಸಿತು, ಗಿರಿಜಾಗೆ ಕೇಳಿಸಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಎದೆಗೊತ್ತಿ ಹಿಡಿದಿದ್ದ ಬಟ್ಟೆಗಳನ್ನು ಮೆಲ್ಲಗೆ ಬುಟ್ಟಿಗೆ ಇಳಿಸಿದಳು.

"ಈಗ ಕೇಳಿಸ್ತು ಬಿಡ್ರಿ" ಎಂದಳು.